ಎರಡನೇ ಕೆಲಸದ ಅನುಮತಿ

ನಮ್ಮೂರ ಕಡೆ ಬಿಇಓ ಅಂತ ಇರುತ್ತಾರಲ್ಲ, ಒಂದಷ್ಟು ಸರ್ಕಾರಿ ಶಾಲೆಗಳ ಉಸ್ತುವಾರಿ ನೋಡಿಕೊಳ್ಳುವವರು, ಪರ್ತ್‌ನಲ್ಲಿ ನನ್ನ ಕೆಲಸ ಹೆಚ್ಚುಕಡಿಮೆ ಅದೇ ಆಗಿತ್ತು. ಇಲ್ಲಿ ಅದಕ್ಕೆ ಸೂಪರಿಂಟೆಂಡೆಂಟ್ ಅನ್ನುತ್ತಾರೆ. ಮೈಸೂರಿನಲ್ಲಿ ಹೈಸ್ಕೂಲಿಗೆ ಗಣಿತ ಹೇಳಿಕೊಡುತ್ತಿದ್ದವಳು ಗಂಡನ ಜೊತೆ ಬಂದು, ಗಣಿ ಊರುಗಳ ಶಾಲೆಗಳಲ್ಲಿ ಕೆಂಪು ಧೂಳು ಕುಡಿದುಕೊಂಡು ಟೀಚರಾಗಿ, ಆಮೇಲೆ ಹೆಡ್ಮಿಸ್ಟ್ರೆಸ್ ಆಗಿ, ಕೂದಲು ಬೆಳ್ಳಗಾಗುವ ಹೊತ್ತಿಗೆ ಆ ಕುರ್ಚಿ ತಲುಪಿದ್ದೆ. ಪರ್ತ್‌ನ ಥಾರ್ನ್ಲಿ ಬಡಾವಣೆಯಲ್ಲಿ ಮನೆ. ಮಕ್ಕಳಿಲ್ಲ. ಗಂಡ ಎಲೆಕ್ಟ್ರಿಕಲ್ ಎಂಜಿನಿಯರು. ಎರಡು ವಾರ ಗಣಿಯಲ್ಲಿ, ಒಂದು ವಾರ ಮನೆಯಲ್ಲಿ.

ಆ ಖಾಲಿ ಶನಿವಾರ, ಭಾನುವಾರಗಳಲ್ಲೇ ನನಗೆ ಎರಡನೇ ಕೆಲಸ ಅಂಟಿಕೊಂಡಿದ್ದು. ಒಮ್ಮೆ ಪರಿಚಯದವರ ಅತ್ತೆಯನ್ನು ನೋಡಲು ಆಸ್ಪತ್ರೆಗೆ ಹೋಗಿದ್ದೆ. ನರ್ಸು ಬಂದು ಏನೇನೋ ಕೇಳಿದಳು. ಆ ಆಂಟಿ ಪ್ರತಿಯೊಂದಕ್ಕೂ ನಗುತ್ತಾ “ಎಸ್, ಎಸ್” ಅಂದರು. ನಿಮಗೆ ಯಾವ ಔಷಧಿ ಆಗಿಬರುವುದಿಲ್ಲ ಅಂತ ಕೇಳಿದ್ದಕ್ಕೂ “ಎಸ್”. ಮುಂದಿನ ವರ್ಷ ಪರೀಕ್ಷೆ ಬರೆದು ಕನ್ನಡದ ದುಭಾಷಿಯಾದೆ. ಆಸ್ಪತ್ರೆಯವರು, ಕೋರ್ಟಿನವರು ಏಜೆನ್ಸಿಗೆ ಫೋನ್ ಮಾಡುತ್ತಾರೆ, ಏಜೆನ್ಸಿಯವರು ನಮಗೆ ಮಾಡುತ್ತಾರೆ. ನಾನು ಅಡುಗೆಮನೆಯ ಬಾಗಿಲು ಹಾಕಿಕೊಂಡು ಕೂತು, ಯಾವುದೋ ಊರಿನ ಡಾಕ್ಟರು ಹೇಳಿದ್ದನ್ನು ಕನ್ನಡಕ್ಕೆ, ರೋಗಿ ಹೇಳಿದ್ದನ್ನು ಇಂಗ್ಲಿಷಿಗೆ ತಿರುಗಿಸುತ್ತಿದ್ದೆ. ಅದಕ್ಕೆ ಗಂಟೆಯ ಲೆಕ್ಕದಲ್ಲಿ ಸಣ್ಣ ಸಂಭಾವನೆ ಬರುತ್ತಿತ್ತು.

ಸರ್ಕಾರಿ ಅಧಿಕಾರಿ ಹೊರಗಡೆ ಇನ್ನೊಂದು ಕೆಲಸ ಮಾಡಬೇಕಾದರೆ, ದುಡ್ಡು ಬರಲಿ ಬಾರದಿರಲಿ, ಮೊದಲೇ ಬರವಣಿಗೆಯಲ್ಲಿ ಅನುಮತಿ ತೆಗೆದುಕೊಳ್ಳಬೇಕು. ಇಲಾಖೆಯ ಹೊತ್ತಿನಲ್ಲಿ ಆ ಕೆಲಸ ಮಾಡುವ ಹಾಗಿಲ್ಲ. ಇಲಾಖೆಯ ಕಾರು, ಫೋನು, ಕಾರ್ಡು ಅದಕ್ಕೆ ಮುಟ್ಟುವ ಹಾಗಿಲ್ಲ. ಪ್ರವಾಸಕ್ಕೆ ಹೋದಾಗ ಸ್ವಂತದ ಖರ್ಚು ಒಂದು ಕಾಫಿಯಷ್ಟಿದ್ದರೂ ಬೇರೆ ಕಟ್ಟಬೇಕು. ಆಮೇಲೆ ವಾಪಸ್ ಕೊಡುತ್ತೇನೆ ಅಂತ ಇಲಾಖೆಯ ಕಾರ್ಡು ಉಜ್ಜುವುದೂ ತಪ್ಪೇ. ಇದನ್ನೆಲ್ಲ ಪ್ರತಿ ವರ್ಷ ಹೊಸ ಹೆಡ್ಮಾಸ್ಟರುಗಳಿಗೆ ಕೂರಿಸಿಕೊಂಡು ಹೇಳುತ್ತಿದ್ದವಳು ನಾನೇ. ಒಬ್ಬ ಹೆಡ್ಮಾಸ್ಟರು ಶುಕ್ರವಾರ ಶಾಲೆ ಬಿಡುವ ಮೊದಲೇ ಎದ್ದುಹೋಗಿ ಈಜು ಕಲಿಸುತ್ತಾರೆ ಅಂತ ಗೊತ್ತಾದಾಗ ವರದಿ ಬರೆದವಳೂ ನಾನೇ. ಆತನ ಹುದ್ದೆ ಹೋಯಿತು. ನನ್ನ ಅನುಮತಿಪತ್ರದಲ್ಲಿ ಶನಿವಾರ, ಭಾನುವಾರ ಮಾತ್ರ, ಮನೆಯಿಂದ ಮಾತ್ರ, ಫೋನಿನಲ್ಲಿ ಮಾತ್ರ ಅಂತ ಇತ್ತು. ಅಷ್ಟು ವರ್ಷ ಅದರಿಂದ ಒಂದು ಹೆಜ್ಜೆ ಆಚೆ ಇಟ್ಟವಳಲ್ಲ.

ಆ ಸಲ ಇಲಾಖೆಯ ಕೆಲಸಕ್ಕೆ ಬ್ರಿಸ್ಬೇನ್‌ಗೆ ಹೋಗಿದ್ದೆ. ಬೇರೆ ಬೇರೆ ರಾಜ್ಯಗಳ ಶಿಕ್ಷಣ ಅಧಿಕಾರಿಗಳ ಸಮ್ಮೇಳನ. ಫೋರ್ಟಿಟ್ಯೂಡ್ ವ್ಯಾಲಿಯಲ್ಲಿ ಒಂದು ಸಭಾಂಗಣ, ಅದರ ಪಕ್ಕದ ರಸ್ತೆಯಲ್ಲೇ ಹೋಟೆಲು. ಮಾರನೇ ದಿನ ಮಧ್ಯಾಹ್ನ ನಾನೂ ಮಾತಾಡಬೇಕಿತ್ತು. ಮೊದಲ ದಿನ ಟೀ ಹೊತ್ತಿನಲ್ಲಿ ಏಜೆನ್ಸಿಯವಳ ಫೋನ್ ಬಂತು.

“ನೀವು ಬ್ರಿಸ್ಬೇನ್‌ನಲ್ಲಿದ್ದೀರಿ, ಕೆಲಸದಲ್ಲಿದ್ದೀರಿ, ಗೊತ್ತು. ಆದರೂ ಕೇಳಲೇಬೇಕು,” ಅಂದಳು. “ಅಲ್ಲೇ ಒಂದು ಆಸ್ಪತ್ರೆಯ ಐಸಿಯುನಲ್ಲಿ ಒಬ್ಬಳು ಸ್ಟೂಡೆಂಟ್ ಇದ್ದಾಳೆ. ತಾಯಿ ಇಂಡಿಯಾದಿಂದ ಬಂದಿದ್ದಾರೆ. ಕನ್ನಡ ಬಿಟ್ಟು ಬೇರೆ ಬರಲ್ಲ. ಈ ಮಧ್ಯಾಹ್ನ ಡಾಕ್ಟರು ಅವರ ಹತ್ತಿರ ಮಾತಾಡಬೇಕು.”

“ಫೋನಿನಲ್ಲಿ ಬೇರೆ ಯಾರನ್ನಾದರೂ ಕೊಡಿ. ನನಗೆ ಅನುಮತಿಯಿಲ್ಲ.”

“ಕೊಟ್ಟಿದ್ವಿ. ಆ ತಾಯಿ ಫೋನನ್ನ ಕಿವಿಗೇ ಇಟ್ಟುಕೊಳ್ತಿಲ್ಲ. ಮುಖ ಕಾಣದವರ ಮಾತು ಕೇಳಲ್ಲ ಅಂತಿದ್ದಾರಂತೆ. ಊರಲ್ಲಿ ಎದುರಿಗೆ ಬರೋ ಕನ್ನಡದ ದುಭಾಷಿ ಇನ್ಯಾರೂ ಸಿಗ್ತಿಲ್ಲ.”

ಆಗಲ್ಲ ಅಂದು ಫೋನಿಟ್ಟು ಒಳಗೆ ಹೋದೆ. ಯಾರೋ ಹಾಜರಾತಿ ಬಗ್ಗೆ ಮಾತಾಡುತ್ತಿದ್ದರು. ಪರದೆಯ ಮೇಲೆ ಗೆರೆಗಳು ಏರುತ್ತಿದ್ದವು, ಇಳಿಯುತ್ತಿದ್ದವು. ನನಗೆ ಒಂದು ಅಕ್ಷರವೂ ತಲೆಗೆ ಹೋಗಲಿಲ್ಲ. ಎದ್ದು ಹೊರಗೆ ಬಂದು ನನ್ನ ಮೇಲಧಿಕಾರಿಗೆ ಫೋನ್ ಮಾಡಿದೆ. ಅವರು ಉತ್ತರದ ಒಂದು ದೂರದ ಊರಿಗೆ ಹೋಗುವ ವಿಮಾನದಲ್ಲಿದ್ದರು, ಫೋನ್ ಆಫ್. “ಒಂದು ತುರ್ತು ಕೆಲಸ ಬಂದಿದೆ, ಈ ಮಧ್ಯಾಹ್ನ ಸ್ವಲ್ಪ ಹೊತ್ತು ಸಮ್ಮೇಳನದಲ್ಲಿ ಇರುವುದಿಲ್ಲ, ದಯವಿಟ್ಟು ಫೋನ್ ಮಾಡಿ,” ಅಂತ ಮೆಸೇಜ್ ಬಿಟ್ಟೆ. ಆ “ಸ್ವಲ್ಪ ಹೊತ್ತು” ಅನ್ನುವ ಮಾತನ್ನು ಆಮೇಲೆ ವಿಚಾರಣೆಯಲ್ಲಿ ಎಷ್ಟು ಸಲ ನನಗೇ ಓದಿ ಹೇಳಿದರೋ.

ಏಜೆನ್ಸಿಗೆ ಬರುತ್ತೇನೆ ಅಂದೆ. ಟ್ಯಾಕ್ಸಿ ಹತ್ತಿದ ಮೇಲೆ ನೋಡಿದರೆ ನನ್ನ ಪರ್ಸು ಹೋಟೆಲಿನ ರೂಮಿನಲ್ಲಿತ್ತು. ಕುತ್ತಿಗೆಗೆ ಹಾಕಿಕೊಂಡ ಗುರುತುಚೀಟಿಯ ಹಿಂದೆ ಇಲಾಖೆಯ ಕಾರ್ಡು ಇತ್ತು. ಇಳಿಯುವಾಗ ಅದನ್ನೇ ಉಜ್ಜಿದೆ.

ಆ ತಾಯಿ ಗದಗದ ಕಡೆಯವರು ಅಂತ ಇಟ್ಟುಕೊಳ್ಳಿ. ಗುರುತು ಸಿಗಬಾರದು ಅಂತ ಊರು, ಕಾಯಿಲೆ, ಇನ್ನೊಂದೆರಡು ವಿವರ ಬದಲಿಸಿಯೇ ಬರೆಯುತ್ತಿದ್ದೇನೆ. ಐಸಿಯು ಪಕ್ಕದ ಸಣ್ಣ ಕೋಣೆಯಲ್ಲಿ ಕೂತಿದ್ದರು. ಸೀರೆಯ ಮೇಲೆ ಮಗಳ ನೀಲಿ ಜಾಕೆಟ್ಟು. ಅವಳು ಪಾರ್ಟ್‌ಟೈಮ್ ಕೆಲಸ ಮಾಡುತ್ತಿದ್ದ ವೃದ್ಧಾಶ್ರಮದ್ದು. ತೋಳು ಉದ್ದವಾಗಿ ಬೆರಳು ಮುಚ್ಚಿತ್ತು. ಪಕ್ಕದಲ್ಲಿ ಮಗಳ ರೂಮ್‌ಮೇಟ್, ಮಂಗಳೂರಿನ ಹುಡುಗಿ. ಅವಳಿಗೆ ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಆದರೆ ಇಂಥ ಮಾತನ್ನು ಗೆಳತಿಯರ ಬಾಯಲ್ಲಿ ಹೇಳಿಸಬಾರದು ಅಂತ ಆಸ್ಪತ್ರೆಯ ಕಟ್ಟುನಿಟ್ಟು. ಆ ಹುಡುಗಿಯಂತೂ ಅತ್ತೂ ಅತ್ತೂ ದನಿ ಕಳೆದುಕೊಂಡಿದ್ದಳು.

ನಾನು ನಿಂತು, ದುಭಾಷಿಯಾಗಿ ಬಂದಿದ್ದೇನೆ, ಇಲ್ಲಿ ಆಡಿದ ಪ್ರತಿ ಮಾತನ್ನೂ ಎರಡೂ ಕಡೆಗೆ ಹೇಳುತ್ತೇನೆ, ನನ್ನದು ಅಂತ ಒಂದು ಮಾತೂ ಸೇರಿಸುವುದಿಲ್ಲ, ಹೊರಗೆ ಯಾರಿಗೂ ಹೇಳುವುದಿಲ್ಲ ಅಂದೆ. ಅದು ಎಲ್ಲ ಸಲವೂ ಹೇಳುವ ಮಾತು. ಆಕೆ ತಲೆಯೆತ್ತಿ ನನ್ನ ಹಣೆ, ಕುತ್ತಿಗೆ, ಕಾಲು ನೋಡಿದರು.

“ನಮ್ಮ ಕಡೆಯಾಕಿ ಬಂದ್ರಲ್ಲಾ,” ಅಂದರು ಹುಡುಗಿಗೆ. “ಬರ್ರಿ ಅಕ್ಕಾರ, ಕುಂದರ್ರಿ. ಈಗ ಜೀವ ಬಂದಂಗಾತು.”

ಡಾಕ್ಟರು ಚಿಕ್ಕ ವಯಸ್ಸಿನವರು, ದಣಿದ ಕಣ್ಣಿನವರು. ಒಂದೊಂದೇ ವಾಕ್ಯ ಹೇಳಿ ನನಗಾಗಿ ಕಾಯುತ್ತಿದ್ದರು. ನಾವು ದುಭಾಷಿಗಳು “ಡಾಕ್ಟರು ಹೀಗಂದರು” ಅಂತ ಹೇಳುವ ಹಾಗಿಲ್ಲ. ಅವರು “ನಾನು” ಅಂದರೆ ನಾವೂ “ನಾನು” ಅನ್ನಬೇಕು. ಹಾಗಾಗಿ ನನ್ನ ಬಾಯಿಂದ ಬಂದಿದ್ದು ಇದು: “ನಿಮ್ಮ ಮಗಳ ತಲೆಯೊಳಗೆ ರಕ್ತ ಸೋರಿ ತುಂಬಿಕೊಂಡಿದೆ. ಮೆದುಳು ಪೂರ್ತಿ ನಿಂತುಹೋಗಿರಬಹುದು ಅಂತ ನನಗೆ ಭಯವಿದೆ. ನಾಳೆ ನಾನೂ ಇನ್ನೊಬ್ಬ ಡಾಕ್ಟರೂ ಪರೀಕ್ಷೆ ಮಾಡುತ್ತೇವೆ.”

“ಎದಿ ಬಡಿಯಾಕತ್ತೈತಲ್ರೀ,” ಅಂದರು ಆಕೆ. “ಮೈ ಬೆಚ್ಚಗ ಐತಿ. ಮುಂಜಾನೆ ತಲಿ ಬಾಚೀನಿ. ನೀವು ಒಮ್ಮೆ ಬಂದು ಕೈ ಮುಟ್ಟಿ ನೋಡ್ರಿ ಅಕ್ಕಾರ.”

ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿದೆ. ಉಸಿರಾಟ ಮಷೀನಿನದು, ಅದರಿಂದಲೇ ಎದೆ ಬಡಿಯುತ್ತಿದೆ ಅಂತ ಡಾಕ್ಟರು ಹೇಳಿದ್ದನ್ನು ಕನ್ನಡಕ್ಕೆ ತಿರುಗಿಸಿದೆ. ಆಕೆ ನನ್ನ ಮುಖವನ್ನೇ ನೋಡುತ್ತಿದ್ದರು, ಡಾಕ್ಟರನ್ನು ಒಮ್ಮೆಯೂ ನೋಡಲಿಲ್ಲ. ಊರಿನಲ್ಲಿ ಖಾನಾವಳಿ ನಡೆಸುತ್ತಿದ್ದರಂತೆ. ಮಗಳನ್ನು ಓದಿಸಿದ್ದು ಆ ರೊಟ್ಟಿ ಬಡಿದೇ. ಕೋಣೆಯಿಂದ ಹೊರಡುವಾಗ ನನ್ನ ಕೈ ಹಿಡಿದುಕೊಂಡು “ನಾಳಿ ನೀವಽ ಬರ್ರಿ. ಬ್ಯಾರೆಯವರ್ನ ಕಳಸಬ್ಯಾಡ್ರಿ,” ಅಂದರು. ಆ ಮಾತನ್ನೂ ಡಾಕ್ಟರಿಗೆ ಹೇಳಿದೆ. ಡಾಕ್ಟರು ನನ್ನ ಕಡೆ ನೋಡಿದರು. ನಾನು ಹೂಂ ಅಂದೆ.

ಮೇಲಧಿಕಾರಿಯ ಫೋನ್ ಬರಲಿಲ್ಲ. ಇನ್ನೊಮ್ಮೆ ಮಾಡಿದೆ, ಹತ್ತಲಿಲ್ಲ. ಆ ಊರಿನಲ್ಲಿ ಸಿಗ್ನಲ್ ಇರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಅವರ ಕೈಕೆಳಗಿನವರಿಗೆ ಫೋನ್ ಮಾಡಬಹುದಿತ್ತು ಅನ್ನುವುದು ನನಗೆ ಹೊಳೆಯಲೇ ಇಲ್ಲ. ಹೊಳೆದಿದ್ದರೂ ಮಾಡುತ್ತಿದ್ದೆನೋ ಇಲ್ಲವೋ. ಬೇಡ ಅಂದುಬಿಟ್ಟರೆ?

ಮಾರನೇ ದಿನ ಸಭಾಂಗಣದಲ್ಲಿ ನನ್ನ ಹೆಸರು ಕರೆಯುವ ಹೊತ್ತಿಗೆ ನಾನು ಐಸಿಯುನಲ್ಲಿ, ಮಂಚದ ಕಾಲ್ದೆಸೆಯಲ್ಲಿ ನಿಂತಿದ್ದೆ. ಇಬ್ಬರು ಡಾಕ್ಟರುಗಳು ಆಕೆಯ ಮಗಳ ಕಣ್ಣಿಗೆ ಬೆಳಕು ಬಿಟ್ಟರು, ಕಿವಿಗೆ ತಣ್ಣೀರು ಬಿಟ್ಟರು, ಮಷೀನಿನಿಂದ ಬಿಡಿಸಿ ಉಸಿರಾಡುತ್ತಾಳಾ ನೋಡಿದರು. ತಾಯಿ ನೋಡಬೇಕು ಅಂದಿದ್ದರು, ನೋಡಿದರು. ಒಂದೊಂದು ಪರೀಕ್ಷೆ ಯಾಕೆ ಅಂತ ನಾನು ಪಕ್ಕದಲ್ಲಿ ನಿಂತು ಹೇಳುತ್ತಾ ಹೋದೆ. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸುತ್ತಿತ್ತು.

ಮತ್ತೆ ಆ ಸಣ್ಣ ಕೋಣೆ. ಡಾಕ್ಟರು ಹೇಳಿದರು. “ನಿಮ್ಮ ಮಗಳು ತೀರಿಕೊಂಡಿದ್ದಾಳೆ,” ಅಂದೆ ನಾನು.

ಆಕೆಯ ಕಿವಿಗೆ ಮಾತು ಬಿದ್ದ ಹಾಗೇ ಕಾಣಲಿಲ್ಲ. ಡಾಕ್ಟರು ಅದೇ ಮಾತನ್ನು ಇನ್ನೊಮ್ಮೆ, ಇನ್ನೂ ನೇರವಾಗಿ ಹೇಳಿದರು. ಇಂಥ ಕಡೆ ಮೆತ್ತಗೆ ಮಾಡಬಾರದು ಅಂತ ನಮಗೆ ಕಲಿಸಿರುತ್ತಾರೆ.

“ಸತ್ತಿದ್ದಾಳೆ,” ಅಂದೆ.

ಆಕೆ ಜಾಕೆಟ್ಟಿನ ತೋಳನ್ನು ಬಾಯಿಗೆ ಒತ್ತಿಕೊಂಡರು. ಮಂಗಳೂರಿನ ಹುಡುಗಿ ಅವರ ಬೆನ್ನ ಮೇಲೆ ಕೈಯಿಟ್ಟಳು. ನಾನು ನನ್ನ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ.

ನಾನು ಪರ್ತ್‌ಗೆ ವಾಪಸ್ ಹೋಗಬೇಕಾದ ವಿಮಾನ ಆ ಸಂಜೆಯದು. ಆದರೆ ಇನ್ನೊಂದು ಮಾತುಕತೆ ಬಾಕಿಯಿತ್ತು, ಅದನ್ನು ತಾಯಿಗೆ ಸ್ವಲ್ಪ ಬಿಡುವು ಕೊಟ್ಟು ಮಾರನೇ ದಿನ ಮಾಡುತ್ತೇವೆ ಅಂದರು. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ಇಲಾಖೆ ಮಾಡಿಸಿದ್ದ ಟಿಕೆಟನ್ನು ಮುಂದಕ್ಕೆ ಹಾಕಿದೆ. ಹೋಟೆಲಿನವರಿಗೆ ಇನ್ನೂ ಒಂದು ರಾತ್ರಿ ಬೇಕು ಅಂದೆ. ಅವರ ಹತ್ತಿರ ಇದ್ದದ್ದು ಇಲಾಖೆಯ ಕಾರ್ಡಿನ ನಂಬರು. ಅದಕ್ಕೇ ಹಾಕಿಕೊಂಡರು. ಪರ್ತ್ ತಲುಪಿದ ಕೂಡಲೇ ಕಟ್ಟಿದರಾಯಿತು ಅಂದುಕೊಂಡೆ.

ಮಾರನೇ ದಿನದ ಮಾತುಕತೆ ಅಂಗದಾನದ್ದು. ಅದಕ್ಕೆ ಬೇರೆ ಡಾಕ್ಟರು ಬಂದಿದ್ದರು. ಒತ್ತಾಯವಿಲ್ಲ, ಬೇಡ ಅಂದರೂ ಯಾರೂ ಏನೂ ಅಂದುಕೊಳ್ಳುವುದಿಲ್ಲ ಅಂತ ನಿಧಾನವಾಗಿ ಹೇಳಿದರು. ನಾನೂ ಅಷ್ಟೇ ನಿಧಾನವಾಗಿ ಹೇಳಿದೆ. ಆಕೆ ಕೇಳಿಸಿಕೊಂಡು, ಕುರ್ಚಿಯನ್ನು ನನ್ನ ಕಡೆಗೆ ಎಳೆದುಕೊಂಡರು. ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ.

“ಅಕ್ಕಾರ, ನನಗೊಂದೂ ತಿಳಿಯವಲ್ದು. ಕೇಳಬೇಕಂದ್ರ ಮನಿಯವರು ಇಲ್ಲ, ಯಾರೂ ಇಲ್ಲ. ನಿಮ್ಮ ಮಗಳಾಗಿದ್ರ ನೀವೇನ್ ಮಾಡ್ತಿದ್ರಿ?”

ಆಗ ನಾನು ಏನಾದರೂ ಹೇಳಬಹುದಿತ್ತು. ನನಗೂ ತಿಳಿಯುತ್ತಿರಲಿಲ್ಲ ಅಮ್ಮಾ ಅನ್ನಬಹುದಿತ್ತು. ಕೈಯಾದರೂ ಹಿಡಿದುಕೊಳ್ಳಬಹುದಿತ್ತು. ನಾನು ಡಾಕ್ಟರ ಕಡೆ ತಿರುಗಿ, ಆ ಮಾತನ್ನು ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿ, “ಪ್ರಶ್ನೆ ದುಭಾಷಿಗೆ ಕೇಳಿದ್ದು,” ಅಂತ ಸೇರಿಸಿದೆ. ಅದು ನಿಯಮ. ದುಭಾಷಿ ಸಲಹೆ ಕೊಡುವ ಹಾಗಿಲ್ಲ, ಕೇಳಿದ ಪ್ರಶ್ನೆಯನ್ನು ಬಚ್ಚಿಡುವ ಹಾಗೂ ಇಲ್ಲ. ಡಾಕ್ಟರು ಮೆಲ್ಲಗೆ ಏನೋ ಸಮಾಧಾನ ಹೇಳಿದರು. ಅದನ್ನು ಕನ್ನಡದಲ್ಲಿ ಹೇಳಿದೆ.

“ಅವರ್ನ ಕೇಳಿಲ್ಲರೀ ನಾ,” ಅಂದರು ಆಕೆ. “ನಿಮ್ಮನ್ನ ಕೇಳೀನಿ.”

ಅದನ್ನೂ ಇಂಗ್ಲಿಷಿಗೆ ತಿರುಗಿಸಿದೆ.

ಆಕೆ ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡರು. ಮಂಗಳೂರಿನ ಹುಡುಗಿಗೆ, “ಇಕಿನೂ ಆ ಮಷೀನ್ ಇದ್ದಂಗ ಅದಾಳವಾ. ಅದು ಉಸರ ಹಾಕತೈತಿ, ಇಕಿ ಮಾತ ಹಾಕತಾಳ,” ಅಂದರು. ಕೋಣೆಯಲ್ಲಿ ಆಡಿದ ಮಾತು. ಅದನ್ನೂ ನಾನು ಡಾಕ್ಟರಿಗೆ ಹೇಳಲೇಬೇಕಿತ್ತು, ಹೇಳಿದೆ. ಡಾಕ್ಟರು ಕಣ್ಣು ಕೆಳಗೆ ಹಾಕಿದರು.

ಕೊನೆಗೆ ಆಕೆ “ಬ್ಯಾಡ್ರಿ. ಇದ್ದಂಗ ಕರಕೊಂಡು ಹೋಗತೀನಿ,” ಅಂದರು. ಮಷೀನ್ ನಿಲ್ಲಿಸುವ ಮುಂಚೆ ಏನೇನು ಆಗುತ್ತದೆ ಅಂತ ವಿವರಿಸಿದ್ದನ್ನು ಅನುವಾದಿಸಿದ ಮೇಲೆ ನನ್ನ ಕೆಲಸ ಮುಗಿಯಿತು. ನಾನು ಹೊರಗೆ ಕಾರಿಡಾರಿನಲ್ಲಿ ನಿಂತೇ ಇದ್ದೆ. ಎಲ್ಲ ಆದ ಮೇಲೆ ಆಕೆ ಹುಡುಗಿಯ ಭುಜ ಹಿಡಿದುಕೊಂಡು ನನ್ನ ಪಕ್ಕದಲ್ಲೇ ನಡೆದುಹೋದರು. ನನ್ನನ್ನು ನೋಡಲಿಲ್ಲ.

ಪರ್ತ್‌ಗೆ ಬಂದವಳೇ ಟ್ಯಾಕ್ಸಿ, ಹೋಟೆಲಿನ ರಾತ್ರಿ, ಟಿಕೆಟ್ ಬದಲಾವಣೆ, ಎಲ್ಲವನ್ನೂ ಬೇರೆ ತೋರಿಸಿ ಹಣ ಕಟ್ಟಿದೆ. ಹೊರಗಿನ ಕೆಲಸ ಮಾಡಿದೆ, ಅನುಮತಿಯಿರಲಿಲ್ಲ ಅಂತ ಮೇಲಧಿಕಾರಿಗೆ ನಾನೇ ಹೇಳಿದೆ. ಅವರು ಒಳ್ಳೆಯ ಹೆಂಗಸು. ಕೇಳಿಸಿಕೊಂಡು ಎರಡೂ ಅಂಗೈಯಲ್ಲಿ ಮುಖ ಉಜ್ಜಿಕೊಂಡರು.

“ನೀನು ಹೇಳದೆ ಇದ್ದಿದ್ದರೂ ನನಗೆ ಗೊತ್ತಾಗುತ್ತಿತ್ತು. ನಿನ್ನ ಹೆಸರು ಕರೆದಾಗ ಸಭಾಂಗಣದಲ್ಲಿ ನಮ್ಮವರೇ ಕೂತಿದ್ದರು,” ಅಂದರು. “ಇನ್ನು ಇದು ನನ್ನ ಕೈಯಲ್ಲಿಲ್ಲ. ಮೇಲಕ್ಕೆ ಕಳಿಸಲೇಬೇಕು.”

ವಿಚಾರಣೆ ಮುಗಿಯುವ ತನಕ ಕೆಲಸಕ್ಕೆ ಬರಬೇಡಿ ಅಂದರು. ಯಾವ ಶಾಲೆಯ ಗೇಟೂ ದಾಟಬಾರದು, ಯಾವ ಹೆಡ್ಮಾಸ್ಟರ ಜೊತೆಗೂ ಮಾತಾಡಬಾರದು. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಆಫೀಸಿನ ಬಟ್ಟೆ ಹಾಕಿಕೊಂಡು ಮನೆಯ ಹಾಲಿನಲ್ಲಿ ಕೂರುತ್ತಿದ್ದೆ. ಗಂಡ ಗಣಿಯಿಂದ ಫೋನ್ ಮಾಡಿ “ಊಟ ಮಾಡಿದ್ಯಾ?” ಅಂದರೆ ಹೂಂ ಅನ್ನುತ್ತಿದ್ದೆ. ಮಾಡಿರುತ್ತಿರಲಿಲ್ಲ. ಗ್ಯಾಸಿನ ಮುಂದೆ ನಿಂತರೆ ರೊಟ್ಟಿ ಬಡಿಯುವ ಸದ್ದು ಕೇಳಿದ ಹಾಗಾಗುತ್ತಿತ್ತು. ನಮ್ಮ ಮನೆಯಲ್ಲಿ ಯಾವತ್ತೂ ರೊಟ್ಟಿ ಬಡಿದವರಿಲ್ಲ.

ಥಾರ್ನ್ಲಿಯ ಶಾಪಿಂಗ್ ಸೆಂಟರಿನಲ್ಲಿ ಪರಿಚಯದ ಹೆಂಗಸೊಬ್ಬಳು ಟ್ರಾಲಿ ನಿಲ್ಲಿಸಿ, “ಏನ್ ಆಂಟಿ, ರಜಾನಾ? ಏನೋ ಆಫೀಸ್ ಕಾರ್ಡಿಂದು, ದುಡ್ಡಿನ ವಿಚಾರ ಅಂತ ಕೇಳ್ಪಟ್ಟೆ,” ಅಂದಳು. ನಗುತ್ತಲೇ ಕೇಳಿದ್ದು. ಏನಾಯಿತು ಅಂತ ನಾನು ಹೇಳುವ ಹಾಗಿರಲಿಲ್ಲ. ಸೊಪ್ಪಿನ ಕಟ್ಟು ಟ್ರಾಲಿಯಲ್ಲಿ ಬಿಟ್ಟು ಬಂದುಬಿಟ್ಟೆ. ಆಮೇಲೆ ಕನ್ನಡದವರು ಸಿಗುವ ಜಾಗಕ್ಕೇ ಹೋಗಲಿಲ್ಲ.

ಒಂದು ದಿನ ಗುರುತಿಲ್ಲದ ನಂಬರಿನಿಂದ ಫೋನ್. ಎತ್ತಿದರೆ ಆ ಈಜು ಕಲಿಸುತ್ತಿದ್ದ ಹೆಡ್ಮಾಸ್ಟರು. ನನ್ನ ವರದಿಯಿಂದ ಕೆಲಸ ಕಳೆದುಕೊಂಡವರು.

“ಒಬ್ಬರೇ ಹೋಗಬೇಡಿ,” ಅಂದರು ಆತ. “ಯೂನಿಯನ್‌ನವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ನಾನು ಒಬ್ಬನೇ ಹೋಗಿ ಬಾಯಿಗೆ ಬಂದಿದ್ದೆಲ್ಲ ಹೇಳಿಬಿಟ್ಟೆ.”

“ನಿಮಗೆ ನನ್ನ ಮೇಲೆ ಕೋಪವಿಲ್ಲವಾ?”

“ಇದೆ,” ಅಂದರು. “ಆದರೂ ಒಬ್ಬರೇ ಹೋಗಬೇಡಿ.” ಅಷ್ಟು ಹೇಳಿ ಇಟ್ಟುಬಿಟ್ಟರು.

ವಿಚಾರಣೆಗೆ ಯೂನಿಯನ್ನಿನ ಒಬ್ಬರನ್ನು ಕರೆದುಕೊಂಡೇ ಹೋದೆ. ಎದುರಿಗೆ ಒಬ್ಬ ಗಂಡಸು, ಒಬ್ಬ ಹೆಂಗಸು. ಇಬ್ಬರೂ ಮರ್ಯಾದೆಯಿಂದಲೇ ಮಾತಾಡಿದರು.

“ನಿಮ್ಮ ಭಾಷಣದ ಹೊತ್ತಿನಲ್ಲಿ ಎಲ್ಲಿದ್ದಿರಿ?”

“ಆಸ್ಪತ್ರೆಯಲ್ಲಿ.”

“ಯಾರಿಗೆ ಏನಾಗಿತ್ತು?”

“ಹೇಳುವ ಹಾಗಿಲ್ಲ. ದುಭಾಷಿ ಒಳಗಿನ ಮಾತು ಹೊರಗೆ ಹೇಳಬಾರದು.”

“ಅದು ಎಷ್ಟು ತುರ್ತಿನದು ಅಂತ ನಮಗೆ ಗೊತ್ತಾದರೆ ನಿಮಗೇ ಒಳ್ಳೆಯದಲ್ಲವೇ?” ಅಂದರು ಆ ಹೆಂಗಸು. ಅವರು ನನಗೊಂದು ಬಾಗಿಲು ತೆಗೆದುಕೊಡುತ್ತಿದ್ದರು. ಪಕ್ಕದಲ್ಲಿದ್ದ ಯೂನಿಯನ್ನಿನವರು ಮೇಜಿನ ಕೆಳಗೆ ನನ್ನ ಕಾಲು ತಟ್ಟಿದರು.

ನಾಲಿಗೆಯ ತುದಿಗೆ ಎಲ್ಲವೂ ಬಂದಿತ್ತು. ನೀಲಿ ಜಾಕೆಟ್ಟು, ಬಾಚಿದ ತಲೆ, ಎಲ್ಲ. ಹೇಳಿದ್ದರೆ ಅವರ ಮುಖ ಬದಲಾಗುತ್ತಿತ್ತು, ನನಗೆ ಗೊತ್ತು. ಆದರೆ ಆ ತಾಯಿಯ ದುಃಖವನ್ನು ಅಲ್ಲಿ ಮೇಜಿನ ಮೇಲಿಟ್ಟು ನನ್ನ ಕೆಲಸ ಉಳಿಸಿಕೊಳ್ಳಲು ಬಾಯಿ ಬರಲಿಲ್ಲ. “ಹೇಳುವ ಹಾಗಿಲ್ಲ,” ಅಂದೆ ಇನ್ನೊಮ್ಮೆ.

“ಆ ಕೆಲಸಕ್ಕೆ ನಿಮಗೆ ಹಣ ಬಂತೇ?” ಗಂಡಸು ಕೇಳಿದರು.

“ಬಂತು.”

“ಅದೇ ಹೊತ್ತಿಗೆ ಇಲಾಖೆಯ ಸಂಬಳವೂ ಬರುತ್ತಿತ್ತು?”

“ಹೌದು.”

“ಈ ನಿಯಮಗಳು ನಿಮಗೆ ಗೊತ್ತಿದ್ದವೇ?”

“ನಾನೇ ಎಲ್ಲರಿಗೂ ಹೇಳಿಕೊಡುತ್ತಿದ್ದೆ.”

ಅವರು ಬರೆದುಕೊಂಡರು. ಇನ್ನೇನೂ ಕೇಳಲಿಲ್ಲ.

ತೀರ್ಮಾನ ಬರುವ ತನಕ ಮನೆಯಲ್ಲಿ ಇರಲಾಗಲಿಲ್ಲ. ಅಡಿಲೇಡ್‌ನಲ್ಲಿ ನನ್ನ ಅಕ್ಕ ಇದ್ದಾಳೆ, ಗ್ಲೆನೆಲ್ಗ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿ. ಬ್ಯಾಂಕಿನಲ್ಲಿದ್ದು ರಿಟೈರ್ ಆದವಳು, ಭಾವ ಹೋದ ಮೇಲೆ ಒಬ್ಬಳೇ. ಅವಳ ಹತ್ತಿರ ಹೋಗಿಬಿಟ್ಟೆ. ಅವಳು ಚಿಕ್ಕಂದಿನಿಂದಲೂ ಹಾಗೇ, ಮಾತಿಗೆ ಸಕ್ಕರೆ ಸವರುವುದು ಗೊತ್ತಿಲ್ಲ. ಎರಡನೇ ದಿನ ಕಡಲೊಳಕ್ಕೆ ಚಾಚಿದ ಜೆಟ್ಟಿಯ ಕಡೆ ನಡೆಯುವಾಗ ಶುರು ಮಾಡಿದಳು.

“ಫೋನ್ ಸಿಗೋ ತನಕ ನೀನು ಕಾಯ್ಬೇಕಿತ್ತು.”

“ಅಲ್ಲಿ ಕಾಯೋ ಹಾಗಿರಲಿಲ್ಲ ಕಣೇ.”

“ಅದು ನಿನ್ನ ಡ್ಯೂಟಿ ಅಲ್ವಲ್ಲ. ಇನ್ನೊಬ್ರು ಬರ್ತಿದ್ರು. ಸಿಡ್ನಿಯಿಂದಾದ್ರೂ ಕರೆಸ್ತಿದ್ರು. ಇಲಾಖೆ ಕಾರ್ಡ್ ಉಜ್ಜಿದ್ದು ನಿಜ ತಾನೆ? ಎರಡು ಕಡೆ ದುಡ್ಡು ಬಂದಿದ್ದು ನಿಜ ತಾನೆ? ನಾನು ಬ್ಯಾಂಕಲ್ಲಿದ್ದಾಗ ಇಷ್ಟು ಸಾಕಿತ್ತು, ಮನೆಗೆ ಕಳಿಸಿಬಿಡ್ತಿದ್ರು.”

“ಅಕ್ಕಾ, ನಿಲ್ಲಿಸೇ,” ಅಂದೆ. ಗಾಳಿಗೆ ದನಿ ಹಾರಿಹೋಗುತ್ತಿತ್ತು, ಹಾಗಾಗಿ ಜೋರಾಗಿಯೇ ಕಿರುಚಿದೆ. “ನಾನು ಅದಕ್ಕೆ ಅಳ್ತಿಲ್ಲ. ಕೆಲಸ ಹೋದ್ರೆ ಹೋಗ್ಲಿ. ಆಕೆ ನನ್ನನ್ನ ಒಂದು ಮಾತು ಕೇಳಿದ್ರು. ಅದಕ್ಕೊಂದು ಉತ್ತರ ಕೊಡಲಿಲ್ಲ ನಾನು. ಆ ಒಂದು ರೂಲ್ ಹಿಡ್ಕೊಂಡು ಕೂತುಬಿಟ್ಟೆ.”

ಅಕ್ಕನಿಗೆ ಅರ್ಥವಾಗಲಿಲ್ಲ. ಯಾರು, ಏನು ಅಂತ ನಾನು ಹೇಳಿರಲಿಲ್ಲವಲ್ಲ. ಅವಳು ಜೊತೆಗಿದ್ದ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಮುಚ್ಚಳವನ್ನು ನನ್ನ ಕೈಗಿಟ್ಟಳು. “ಕುಡಿ. ಎರಡು ದಿನದಿಂದ ಏನೂ ತಿಂದಿಲ್ಲ ನೀನು,” ಅಂದಳು. ಅವತ್ತು ನನಗೆ ನೀರಿನ ಕಡೆ ನೋಡುವುದೇ ಭಯವಾಗಿತ್ತು. ಯಾಕೆ ಅಂತ ಅವಳಿಗೆ ಹೇಳಲಿಲ್ಲ. ಆದರೆ ವಾಪಸ್ ಬರುವಾಗ ಅವಳು ಕಡಲಿನ ಕಡೆಗೆ ತಾನು ನಡೆದಳು, ಒಳಗಡೆಗೆ ನನ್ನನ್ನು ಹಾಕಿಕೊಂಡಳು, ಟ್ರಾಮ್ ನಿಲ್ದಾಣದ ತನಕ ತೋಳು ಬಿಡಲಿಲ್ಲ.

ತೀರ್ಮಾನ ಬಂದಿದ್ದು ಅವಳ ಊಟದ ಮೇಜಿನ ಮುಂದೆ ಕೂತಿದ್ದಾಗ, ಈಮೇಲಿನಲ್ಲಿ. ಅನುಮತಿಯಿಲ್ಲದೆ ಹೊರಗಿನ ಕೆಲಸ ಮಾಡಿದ್ದು ಸಾಬೀತು. ಇಲಾಖೆಯ ಹೊತ್ತಿನಲ್ಲಿ ಮಾಡಿದ್ದು ಸಾಬೀತು. ಖರ್ಚಿನ ನಿಯಮ ಮುರಿದದ್ದು ಸಾಬೀತು, ಆದರೆ ವಂಚನೆಯ ಉದ್ದೇಶ ಕಂಡುಬಂದಿಲ್ಲ. ಸೂಪರಿಂಟೆಂಡೆಂಟ್ ಹುದ್ದೆಯಿಂದ ತೆಗೆಯಲಾಗಿದೆ, ಬೇಕಾದರೆ ಶಿಕ್ಷಕಿಯಾಗಿ ಮುಂದುವರಿಯಬಹುದು. ಎರಡನೇ ಕೆಲಸದ ಅನುಮತಿ ರದ್ದು.

ಗಂಡ ಫೋನಿನಲ್ಲಿ “ರಿಸೈನ್ ಮಾಡ್ಬಿಡು. ನಾವಿಬ್ರೇ ಇರೋದು, ನನ್ನ ಸಂಬಳ ಸಾಕು,” ಅಂದರು. ಆ ಪ್ರೀತಿ ಅರ್ಥವಾಗುತ್ತಿತ್ತು. ಆದರೆ ಮತ್ತೆ ಆ ಹಾಲಿನ ಸೋಫಾದಲ್ಲಿ ಆಫೀಸಿನ ಬಟ್ಟೆ ಹಾಕಿಕೊಂಡು ಕೂರುವುದು ನನ್ನಿಂದ ಆಗುತ್ತಿರಲಿಲ್ಲ. ಶಿಕ್ಷಕಿಯಾಗಿ ಮುಂದುವರಿಯುತ್ತೇನೆ ಅಂತ ಅಲ್ಲಿಂದಲೇ ಒಪ್ಪಿಗೆ ಬರೆದೆ.

ಈಗ ನನ್ನ ಹಳೆಯ ವಲಯದಿಂದ ಆಚೆ, ಪರ್ತ್‌ನ ಇನ್ನೊಂದು ತುದಿಯ ಶಾಲೆಯಲ್ಲಿ ಎಂಟನೇ ತರಗತಿಗೆ ಗಣಿತ ಹೇಳುತ್ತೇನೆ. ನನಗಿಂತ ಬಹಳ ಚಿಕ್ಕವರು ಹೆಡ್ಮಾಸ್ಟರು. ಮೊದಲ ದಿನ ಅವರಿಗೆ ನನ್ನ ಮುಂದೆ ಕೂರುವುದೋ ನಿಲ್ಲುವುದೋ ತಿಳಿಯಲಿಲ್ಲ. ಮಕ್ಕಳಿಗೆ ಇದೇನೂ ಗೊತ್ತಿಲ್ಲ. ಅವರಿಗೆ ಭಿನ್ನರಾಶಿ ಬರುವುದಿಲ್ಲ, ನನಗೆ ಬರುತ್ತದೆ, ಅಷ್ಟೇ ಸಂಬಂಧ. ಕೆಲವು ದಿನ ಅದು ಹಿತವಾಗಿಯೇ ಇರುತ್ತದೆ.

ಇಲಾಖೆಯ ಮೇಲೆ ನನಗೆ ಸಿಟ್ಟಿಲ್ಲ. ಆ ಕುರ್ಚಿಯಲ್ಲಿ ನಾನು ಕೂತಿದ್ದರೂ ಅದೇ ತೀರ್ಮಾನ ಬರೆಯುತ್ತಿದ್ದೆ. ನಿಯಮವಿಲ್ಲದೆ ಹೋದರೆ ಯಾರ್ಯಾರು ಏನೇನು ಮಾಡುತ್ತಾರೆ ಅಂತ ನೋಡಿದವಳು ನಾನು. ಆದರೆ ಆ ತಾಯಿ ಈಗ ಹೇಗಿದ್ದಾರೆ ಅಂತ ತಿಳಿಯುವ ದಾರಿಯೇ ನನಗಿಲ್ಲ. ಆಸ್ಪತ್ರೆಯಲ್ಲಿ ಕೇಳಬಾರದು, ಏಜೆನ್ಸಿಯವರು ಹೇಳಬಾರದು, ನಾನಾಗಿ ಹುಡುಕಬಾರದು. ಊರಿಗೆ ಹೋಗಿ ತಲುಪಿದರೋ, ಖಾನಾವಳಿ ಮತ್ತೆ ತೆರೆದರೋ. ನನ್ನನ್ನು ನೆನೆಸಿಕೊಂಡರೆ ಕಲ್ಲಿನಂಥ ಹೆಂಗಸು ಅಂತಲೇ ನೆನೆಸಿಕೊಳ್ಳುತ್ತಾರೆ. ಅದನ್ನು ಸರಿಪಡಿಸಲು ನನ್ನಿಂದ ಆಗುವುದಿಲ್ಲ.

ಏಜೆನ್ಸಿಯ ಯಾವುದೋ ಹಳೆಯ ಪಟ್ಟಿಯಲ್ಲಿ ನನ್ನ ನಂಬರು ಉಳಿದುಬಿಟ್ಟಿದೆ. ಹೋದ ತಿಂಗಳು ಶಾಲೆ ಬಿಟ್ಟ ಮೇಲೆ ಬಂಕಿನಲ್ಲಿ ಕಾರಿಗೆ ಪೆಟ್ರೋಲ್ ಹಾಕಲು ನಿಂತಿದ್ದೆ, ಫೋನ್ ಬಂತು. ಹೊಸ ಹುಡುಗಿಯ ದನಿ.

“ಅಡಿಲೇಡ್‌ನಲ್ಲಿ ಒಬ್ಬರು ವಯಸ್ಸಾದ ಗಂಡಸು. ಕನ್ನಡ ಮಾತ್ರ ಬರುತ್ತೆ. ಫೋನಿನಲ್ಲಿ ಈಗಲೇ ಮಾತಾಡಬಹುದಾ?”

“ನನಗೆ ಅನುಮತಿಯಿಲ್ಲ,” ಅಂದೆ. “ನನ್ನ ಹೆಸರು ತೆಗೆದುಹಾಕಿ.”

“ನೋ ವರೀಸ್,” ಅಂದು ಇಟ್ಟಳು.

ಅವರಿಗೆ ಏನಾಗಿದೆ, ಹತ್ತಿರ ಯಾರಿದ್ದಾರೆ, ಒಂದನ್ನೂ ಕೇಳಲಿಲ್ಲ. ಕೇಳಿ ಏನು ಮಾಡಲಿ? ಹಿಂದೆ ನಿಂತಿದ್ದ ಗಾಡಿಯವನು ಒಮ್ಮೆ ಹಾರ್ನ್ ಹೊಡೆದ. ನಾನು ಪೈಪು ತೆಗೆದು ಟ್ಯಾಂಕಿಗೆ ಹಾಕಿದೆ.